ಫ್ರಿಜ್ಜಿಗೆ ಹೇಳಿದ ಮಾತು

ಮಾರ್ಚ್ 3, ಮಂಗಳವಾರ

ಕಂಪ್ರೆಸರ್ ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಇವತ್ತು ಒರೆಸಿ ಮನೆಗೆ ತಂದೆ. ನಾನು ಫ್ರಿಜ್ ರಿಪೇರಿ ಮಾಡುವವನು. ಬಿಲ್ಲು ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲ. ಆದರೆ ದಿನದ ಸುದ್ದಿಯನ್ನೆಲ್ಲ ಸಂಜೆ ಹೆಂಡತಿಗೆ ಹೇಳಿ ಅಭ್ಯಾಸವಿತ್ತು. ಡಿಸೆಂಬರಿನಲ್ಲಿ ಅವಳು ತೀರಿಹೋದ ಮೇಲೆ ಹೇಳದೆ ಉಳಿದದ್ದೆಲ್ಲ ಒಳಗೇ ಇದೆ. ಗ್ಯಾಸ್ ಹೆಚ್ಚು ತುಂಬಿಸಿದ ಫ್ರಿಜ್ಜಿನ ಹಾಗೆ ಸದ್ದು ಮಾತ್ರ, ತಂಪಿಲ್ಲ.

ಈಗ ಮನೆಯಲ್ಲಿರುವುದು ನಾನು ಮತ್ತು ಅವಳ ತಾಯಿ. ಮದುವೆಯಾದಾಗಿನಿಂದ ನಾವಿಬ್ಬರೂ ನೇರವಾಗಿ ಒಂದು ಮಾತಾಡಿದವರಲ್ಲ. ಜಗಳವಿಲ್ಲ, ಮುನಿಸಿಲ್ಲ. ಅವರಿಗೆ ಅಳಿಯನೆಂದರೆ ಸಂಕೋಚ, ನನಗೆ ಅವರೆಂದರೆ ಸಂಕೋಚ. ಒಂದೇ ಮೇಜಿಗೆ ಕೂತಿದ್ದರೂ ಅವರು ಮಗಳ ಕಡೆ ತಿರುಗಿ, "ಇನ್ನೊಂಚೂರು ಹಾಕಲಾ ಕೇಳೇ" ಅನ್ನುತ್ತಿದ್ದರು. ನಾನೂ ಅವಳ ಕಡೆಗೇ ತಿರುಗಿ, "ಸಾಕು ಅಂತ ಹೇಳು" ಅನ್ನುತ್ತಿದ್ದೆ. ನಡುವೆ ಕೂತ ಅವಳು, "ನನಗೆ ಗಂಟಲು ಕಟ್ಟಿದ ದಿನ ಈ ಮನೇಲಿ ಇಬ್ರೂ ಉಪವಾಸ" ಎಂದು ನಗುತ್ತಿದ್ದಳು.

ಇವತ್ತು ನಾದಿನಿ ಫೋನ್ ಮಾಡಿದ್ದಳು. "ಭಾವ, ಅಕ್ಕ ಇಲ್ಲದ ಮೇಲೆ ಅಮ್ಮ ನಿಮ್ಮ ಮೇಲೆ ಭಾರವಾಗಿ ಇರೋದು ಬೇಡ. ಮೇ ತಿಂಗಳ ಮೊದಲನೇ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ಆಗಬಹುದಾ?"

"ಸರಿ" ಅಂದೆ. ಇನ್ನೇನು ಹೇಳುವುದು.

ಮಾರ್ಚ್ 5, ಗುರುವಾರ

ಔಷಧಿ ಅಂಗಡಿಯ ಫ್ರಿಜ್. ಬಾಗಿಲ ರಬ್ಬರ್ ಬದಲಿಸಿದೆ. ಊಟ ಸೇರಲಿಲ್ಲ.

ಮಾರ್ಚ್ 9, ಸೋಮವಾರ

ಈ ವರ್ಷ ಬಿಸಿಲು ಬೇಗ ಬಂದಿದೆ. ಮಧ್ಯಾಹ್ನ ಒಬ್ಬರ ಮಾಳಿಗೆಯ ಮೇಲೆ ಏಸಿ ಬಿಚ್ಚಿ ಮನೆಗೆ ಬಂದಾಗ ನಾಲಿಗೆ ಮರದ ಚಕ್ಕೆಯಾಗಿತ್ತು. ಫ್ರಿಜ್ ತೆಗೆದೆ. ಹಿಂದುಗಡೆ ಕಂದು ಬಣ್ಣದ ನೀರಿನ ಬಾಟಲಿಯೊಂದು ಕೆಲವು ದಿನಗಳಿಂದ ಇದೆ. ಅವಳ ತಾಯಿಯ ಮಂಡಿನೋವಿನ ಔಷಧಿ ಇರಬೇಕೆಂದು ಮುಟ್ಟಿರಲಿಲ್ಲ. ಇವತ್ತು ತಣ್ಣೀರು ಮುಗಿದಿತ್ತು. ಔಷಧಿಯಾದರೂ ಆಗಲಿ ಎಂದು ಗಟಗಟ ಎತ್ತಿದೆ.

ಕಾಫಿ! ಹಾಲಿನ ಕೆನೆ ಕಟ್ಟಿತ್ತು, ಈರುಳ್ಳಿಯ ವಾಸನೆ ಹಿಡಿದಿತ್ತು. ಆದರೂ ಅರ್ಧ ಬಾಟಲಿ ಮುಗಿಸಿದೆ.

ಯಾರು ಇಟ್ಟರು, ಯಾಕೆ ಇಟ್ಟರು? ಅವರನ್ನು ಕೇಳುವುದು ಹೇಗೆ?

ಮಾರ್ಚ್ 15, ಭಾನುವಾರ

ಬಾಟಲಿಯ ಗುಟ್ಟು ರಟ್ಟಾಯಿತು. ಪಕ್ಕದ ಮನೆಯ ಕಂಡಕ್ಟರಮ್ಮ ಬೆಳಿಗ್ಗೆಯೇ ಬಂದರು. ಬಸ್ಸಿನ ಕೆಲಸದಿಂದ ನಿವೃತ್ತಿಯಾಗಿದ್ದಾರೆ, ಆದರೆ ಗಂಟಲು ಇನ್ನೂ ಡ್ಯೂಟಿಯಲ್ಲಿದೆ. ಮೇಜಿನ ಮೇಲೆ ತಟ್ಟೆ ಮುಚ್ಚಿದ ಎರಡು ಲೋಟ ನೋಡಿ, "ಇದ್ಯಾರಿಗೆ ರಿಸರ್ವ್ ಮಾಡಿದ ಸೀಟು?" ಅಂದರು.

ಅವಳ ತಾಯಿ ಒಳಗಿನಿಂದ ಹೇಳುವುದು ಕೇಳಿಸಿತು. "ಒಂದು ಅಳಿಯಂದಿರು ಎರಡನೇ ಸಲಕ್ಕೆ ಅಂತ ಮುಚ್ಚಿಟ್ಕೊಂಡಿರೋದು. ಇನ್ನೊಂದು ಅವರಿಗೆ ಅಂತ ನಾನಿಟ್ಟಿದ್ದು. ಯಾವತ್ತೂ ಎರಡೂ ಮುಟ್ಟಲ್ಲ. ಚೆಲ್ಲೋಕೆ ಮನಸ್ಸು ಬರದೆ ಬಾಟಲಿಗೆ ಹುಯ್ದು ಇಡ್ತೀನಿ."

ನಾನು ಸ್ನಾನ ಮುಗಿಸಿ ಟವೆಲು ಹೊದ್ದು ನಿಂತಿದ್ದೆ. ಕಂಡಕ್ಟರಮ್ಮನಿಗೆ ಹೇಳಿದೆ: "ಎರಡನೇ ಸಲಕ್ಕಲ್ಲ. ಬೆಳಿಗ್ಗೆ ನಾನು ಮಾಡ್ಕೊಂಡಾಗ ಅದನ್ನ ಅವರಿಗೇ ಅಂತ ಇಡೋದು. ಆ ಇನ್ನೊಂದು ಅವರು ಆಮೇಲೆ ಕುಡಿಯೋಕೆ ಇಟ್ಕೊಂಡಿದ್ದಾರೆ ಅಂದ್ಕೊಂಡಿದ್ದೆ."

ಕಂಡಕ್ಟರಮ್ಮ ನನ್ನನ್ನು ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು, ಆಮೇಲೆ ಮೇಜು ಬಡಿದುಕೊಂಡು ನಕ್ಕರು. "ಇವರು ಅವರಿಗೆ, ಅವರು ಇವರಿಗೆ, ಕುಡಿಯೋದು ಮಾತ್ರ ಫ್ರಿಜ್ಜು! ದಿನಾ ಎರಡು ಲೋಟ ಕಾಫಿ ಕುಡಿಸಿ ಸಾಕ್ತಿದೀರಲ್ರೀ ಅದನ್ನ!"

ಬಾಟಲಿಯಿಂದ ಒಂದು ಗುಟುಕು ಕುಡಿದು ಮುಖ ಹಿಂಡಿದರು. "ಇದು ಕಾಫಿಯಲ್ಲ, ಡಿಪೋದಲ್ಲಿ ಬಸ್ಸು ತೊಳೆದ ನೀರು. ತಣ್ಣಗೆ ಕುಡಿಯೋದಾದ್ರೆ ತಣ್ಣಗೆ ಮಾಡೋಕೆ ಒಂದು ಕ್ರಮ ಇದೆ. ಮನೇಲಿ ಫ್ರಿಜ್ ಡಾಕ್ಟರ್ ಇಟ್ಕೊಂಡು ಇದೇನು ಕರ್ಮ!"

ಅವಳಿದ್ದಾಗ ಈ ಮನೆಯಲ್ಲಿ ಕಾಫಿ ಆರಿದ್ದೇ ಇಲ್ಲ. ಲೋಟವನ್ನು ಇಬ್ಬರ ಕೈಗೂ ತುರುಕಿ, "ಆರುತ್ತೆ, ತಗೊಳ್ಳಿ" ಅನ್ನುತ್ತಿದ್ದಳು.

ಮಾರ್ಚ್ 17, ಮಂಗಳವಾರ

ಸಂಜೆ ಬಂದಾಗ ಮೇಜಿನ ಮೇಲೆ ಗಾಜಿನ ಲೋಟ. ತುಂಬ ಐಸ್, ಅದರ ಮೇಲೆ ಅವಳ ತಾಯಿ ಬಿಸಿ ಡಿಕಾಕ್ಷನ್ ಹುಯ್ದಿದ್ದರು. ಮೊದಲ ಗುಟುಕಿಗೆ ಘಮ ಮೂಗಿಗೆ ಬಡಿಯಿತು, ಒಳ್ಳೆಯ ಪೆಟ್ಟು. ಶರ್ಟ್ ಬದಲಿಸಿ ಬರುವಷ್ಟರಲ್ಲಿ ನೀರಾಗಿತ್ತು. ಸಕ್ಕರೆ ಕರಗದೆ ತಳದಲ್ಲಿ ಮರಳಿನ ಹಾಗೆ ಕೂತಿತ್ತು.

ಹೇಳಬೇಕು ಅನ್ನಿಸಿತು. ಅವರು ಅಲ್ಲೇ ಪಾತ್ರೆ ಒರೆಸುತ್ತಿದ್ದರು. ನನಗೆ ಗೊತ್ತಿಲ್ಲದೆ ಕೈ ಫ್ರಿಜ್ಜಿನ ಬಾಗಿಲು ತೆಗೆಯಿತು. ಒಳಗಿನ ದೀಪಕ್ಕೆ ಹೇಳಿದೆ: "ಸಕ್ಕರೇನ ಬಿಸಿ ಇರೋವಾಗಲೇ ಕರಗಿಸಿದ್ರೆ ಚೆನ್ನಾಗಿರುತ್ತೆ."

ಪಾತ್ರೆಯ ಸದ್ದು ನಿಂತಿತು. ನಾನು ಬಂದು ಕೂತೆ. ಸ್ವಲ್ಪ ಹೊತ್ತಿಗೆ ಅವರೂ ಬಂದು ಬಾಗಿಲು ತೆಗೆದು, ತಲೆ ಒಳಗೆ ಹಾಕಿ ಹೇಳಿದರು: "ಐಸ್ ಕರಗದೇ ಇರೋ ಹಾಗೆ ಮಾಡೋದು ಕಾಫಿ ಮಾಡೋರ ಕೆಲಸ ಅಲ್ಲ. ಫ್ರಿಜ್ ಕೆಲಸ ಗೊತ್ತಿರೋರದ್ದು."

ಮದುವೆಗೆ ಮುಂಚೆ ನಾನೇ ಸೆಕೆಂಡ್ ಹ್ಯಾಂಡ್ ತಂದು ಸರಿಮಾಡಿದ ಹಳೆಯ ಫ್ರಿಜ್ ಅದು. ಅಷ್ಟರಲ್ಲಿ ಮೋಟಾರು ಶುರುವಾಗಿ "ಹೂಂ" ಅಂದಿತು.

ಮಾರ್ಚ್ 20, ಶುಕ್ರವಾರ

ಐಸಿನ ಟ್ರೇಗೆ ನೀರಿನ ಬದಲು ಡಿಕಾಕ್ಷನ್ನೇ ಹುಯ್ದು ಗಟ್ಟಿ ಮಾಡಿದೆ. ಕಾಫಿಯ ಐಸ್ ಕರಗಿದರೆ ಕಾಫಿಯೇ ಆಗುತ್ತದೆ, ತೆಳುವಾಗುವ ಮಾತೇ ಇಲ್ಲ. ಅತ್ತೆ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಹಲ್ಲು ಜುಮ್ಮೆಂದು ಅಡುಗೆಮನೆಯಲ್ಲಿ ಕುಣಿದರು. ಆಮೇಲೆ ಫ್ರಿಜ್ಜಿಗೆ, "ಬುದ್ಧಿವಂತಿಕೆ ಇದೆ. ಕರುಣೆ ಇಲ್ಲ" ಅಂದರು.

ಮಾರ್ಚ್ 29, ಭಾನುವಾರ

ನಿನ್ನೆ ಸಂಜೆ ಒಲೆಯ ಸಿಲಿಂಡರ್ ಮುಗಿದಿತ್ತು. ಅತ್ತೆ ಕಾಫಿಪುಡಿಗೆ ನೀರು ಹುಯ್ದು, ಕುದಿಸಲು ಹೋದರೆ ಒಲೆ ಹತ್ತಲಿಲ್ಲ. ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರು. ಇವತ್ತು ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಹಾಲು ಬೆರೆಸಿ ಇಟ್ಟರು.

ಇಂಥ ಕಾಫಿ ನಾನು ಕುಡಿದಿಲ್ಲ. ಕಹಿ ಎಲ್ಲಿ ಹೋಯಿತೋ! ನುಣ್ಣಗೆ ಇಳಿಯಿತು. ಸಕ್ಕರೆ ಹಾಕದೆಯೇ ಹಿಂದಿನಿಂದ ಒಂದು ಸಿಹಿ ಬಂತು. ಬಿಸಿ ಕಾಫಿ ಬಾಗಿಲು ಬಡಿದು ಒಳಗೆ ಬಂದರೆ, ಇದು ಚಪ್ಪಲಿ ಹೊರಗೆ ಬಿಟ್ಟು ಮೆಲ್ಲಗೆ ಬಂದು ಕೂರುತ್ತದೆ.

"ಬೇಕಂತಲೇ ಹಾಗೆ ಮಾಡಿದ್ದು" ಎಂದು ಅತ್ತೆ ಫ್ರಿಜ್ಜಿಗೆ ಹೇಳಿದರು. "ಮರೆತು ಅಲ್ಲ."

ಖಾಲಿ ಸಿಲಿಂಡರ್ ಅವರ ಕಾಲ ಬಳಿಯೇ ನಿಂತಿತ್ತು. ಎರಡನೇ ಲೋಟ ಕೇಳಿದೆ. ಅಂದರೆ, ಲೋಟವನ್ನು ಫ್ರಿಜ್ಜಿನ ಮೇಲೆ ಇಟ್ಟೆ.

ಏಪ್ರಿಲ್ 4, ಶನಿವಾರ

ಅತ್ತೆಯ ದಾರಿಯಲ್ಲಿ ಒಂದು ದೋಷ ನನಗೆ ಸಿಕ್ಕಿದೆ. ಮರುದಿನದವರೆಗೆ ಕಾಯಬೇಕು. ಜೊತೆಗೆ, ತಣ್ಣೀರಿಗೆ ಘಮ ಬಿಡುವುದಿಲ್ಲ. ಘಮ ಬೇಕೆಂದರೆ ಬಿಸಿನೀರೇ ಬೇಕು, ಐಸ್ ಹಾಕಿದರೆ ತೆಳು. ಹಾಗಾದರೆ ಬಿಸಿ ಕಾಫಿಯನ್ನು ಐಸ್ ಮುಟ್ಟಿಸದೆ ಕ್ಷಣದಲ್ಲಿ ತಣ್ಣಗೆ ಮಾಡಬೇಕು. ಇದು ನನ್ನ ಕಸುಬೇ ಅಲ್ಲವೇ! ಬಕೆಟ್ಟಿನಲ್ಲಿ ಐಸ್ ನೀರು, ಅದರೊಳಗೆ ಸುರುಳಿ ಸುತ್ತಿದ ಕೊಳವೆ. ಮೇಲಿನಿಂದ ಬಿಸಿ ಕಾಫಿ ಹುಯ್ದರೆ ಕೆಳಗೆ ತಣ್ಣಗೆ ಬರುತ್ತದೆ.

ಅಂಗಡಿಯಲ್ಲಿ ಇಡೀ ಮಧ್ಯಾಹ್ನ ಅದೇ ಕೆಲಸ. ಪಕ್ಕದ ಬೀಗ ರಿಪೇರಿಯವನು, "ಏನಣ್ಣ, ಇವತ್ತು ಶಿಳ್ಳೆ ಹಾಕ್ತಿದೀರಾ?" ಅಂದ. ಹಾಗೇನಿಲ್ಲ ಅಂದೆ.

ಏಪ್ರಿಲ್ 5, ಭಾನುವಾರ

ಸುರುಳಿಯ ಉದ್ಘಾಟನೆ. ಕಂಡಕ್ಟರಮ್ಮ ಮುಖ್ಯ ಅತಿಥಿ. ಮೇಲಿನಿಂದ ಹೊಗೆಯಾಡುವ ಡಿಕಾಕ್ಷನ್ ಹುಯ್ದೆ, ಕೆಳಗೆ ತೊಟ್ಟು ತೊಟ್ಟಾಗಿ ತಣ್ಣಗೆ ಇಳಿಯಿತು. ನನ್ನ ಎದೆ ಉಬ್ಬಿತು.

ಅತ್ತೆ ಒಂದು ಗುಟುಕು ಕುಡಿದು, ನಿಧಾನವಾಗಿ ನಡೆದು ಹೋಗಿ, ಫ್ರಿಜ್ಜಿನ ಬಾಗಿಲು ತೆಗೆದು ಹೇಳಿದರು: "ಯಾರೋ ಕಾಫಿ ಮೇಲೆ ಲಾರಿ ಓಡಿಸಿದ್ದಾರೆ."

ಹಳೆಯ ಕಂಪ್ರೆಸರಿನ ಕೊಳವೆ. ಎಷ್ಟು ತೊಳೆದರೂ ಎಣ್ಣೆಯ ವಾಸನೆ ಒಳಗೆ ಉಳಿದಿತ್ತು. ಕಂಡಕ್ಟರಮ್ಮ ಬಾಯಿ ಮುಕ್ಕಳಿಸಿ ಬಂದು, "ಪರವಾಗಿಲ್ಲ, ಒಳಗಿನ ಬೇರಿಂಗುಗಳಿಗೆಲ್ಲ ಗ್ರೀಸ್ ಆಯ್ತು" ಅಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ. ಮೂವರೂ ನಗುತ್ತಿದ್ದಾಗ, ಈ ಗೋಡೆಗಳ ನಡುವೆ ಇಂಥ ಸದ್ದು ಕೇಳಿ ಎಷ್ಟು ದಿನವಾಯಿತು ಎಂದು ಒಂದು ಸಲ ಅನ್ನಿಸಿತು. ಆಮೇಲೆ ಮತ್ತೆ ನಗು ಬಂತು.

ಏಪ್ರಿಲ್ 11, ಶನಿವಾರ

ಫ್ರೀಜರಿನಲ್ಲಿ ಐಸ್ ತುಂಬ ಕಟ್ಟಿಕೊಂಡಿತ್ತೆಂದು ಕರಗಿಸಿದೆ. ಹಿಂದಿನ ಗೋಡೆಗೆ ಅಂಟಿಕೊಂಡು ಅವಳ ಕರವಸ್ತ್ರ ಸಿಕ್ಕಿತು. ತಲೆನೋವು ಬಂದಾಗ ಹಣೆಗೆ ಹಾಕಿಕೊಳ್ಳಲು ಒದ್ದೆ ಮಾಡಿ, ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ಮಡಿಕೆ ಹಾಗೇ ಕಲ್ಲಾಗಿತ್ತು. ಕೈಯಲ್ಲಿ ಹಿಡಿದು ನಿಂತೆ. ಮೆಲ್ಲಗೆ ಮೆತ್ತಗಾಗತೊಡಗಿತು.

ಹಿಂದೆ ಅತ್ತೆ ನಿಂತಿದ್ದರು. "ಅದನ್ನ ಎಸೀಬೇಡಿ ಅಂತ ಹೇಳೇ" ಅಂದರು.

ಹೇಳೇ ಎಂದದ್ದು ಫ್ರಿಜ್ಜಿಗಲ್ಲ.

ಪೂರ್ತಿ ಕರಗುವ ಮುಂಚೆ ಅದೇ ಮಡಿಕೆಯಲ್ಲಿ ಅದೇ ಜಾಗಕ್ಕೆ ಇಟ್ಟೆ.

ಏಪ್ರಿಲ್ 19, ಭಾನುವಾರ

ಹೊಸ ಸ್ಟೀಲ್ ಕೊಳವೆಯ ಸುರುಳಿ ಗೆದ್ದಿತು! ಘಮಕ್ಕೆ ಘಮ, ತಂಪಿಗೆ ತಂಪು, ನೀರಿನ ಸುಳಿವಿಲ್ಲ. ಅತ್ತೆ ಲೋಟ ಖಾಲಿ ಮಾಡಿ ಫ್ರಿಜ್ಜಿಗೆ, "ಚೆನ್ನಾಗಿದೆ. ಆದ್ರೆ ಅವಸರದ ರುಚಿ. ನಂದು ನೆನೆದ ರುಚಿ" ಅಂದರು. ಸೋಲು ಒಪ್ಪುವ ಜಾಯಮಾನವೇ ಅಲ್ಲ.

ಕಂಡಕ್ಟರಮ್ಮ ತಮ್ಮದೂ ಒಂದಿರಲಿ ಎಂದು ಇನ್‌ಸ್ಟಂಟ್ ಪುಡಿ, ಸಕ್ಕರೆ, ಚಮಚ ಬಿಸಿನೀರು ಹಾಕಿ ರಟ್ಟೆ ಬೀಳುವ ತನಕ ಕಡೆದು ನೊರೆ ಎಬ್ಬಿಸಿದರು. ತಣ್ಣನೆಯ ಹಾಲಿನ ಮೇಲೆ ಮೋಡದ ಹಾಗೆ ಕೂತಿತ್ತು. ನೋಡಲು ಬಹಳ ಚೆಂದ. ಕುಡಿಯುವಾಗ ಬಾಯಿಗಿಂತ ನನ್ನ ಮೀಸೆಗೇ ಹೆಚ್ಚು ಹೋಯಿತು.

ಹೊರಡುವಾಗ ಅವರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು. "ಚಿಕ್ಕ ಮಗಳು ಕರ್ಕೊಂಡು ಹೋಗ್ತೀನಿ ಅಂದಾಗ ನೀವು ಒಂದೇ ಮಾತಿಗೆ ಸರಿ ಅಂದ್ರಂತೆ. ನಿಮ್ಮತ್ತೆ ಹೇಳಿದ್ರು. ‘ಅಳಿಯಂದಿರಿಗೂ ನಾನು ಹೋದ್ರೆ ಸಾಕಾಗಿದೆ’ ಅಂದ್ರು."

"ಅಯ್ಯೋ, ಹಾಗಲ್ಲ. ನಾನು ಇನ್ನೇನು ಹೇಳಬೇಕಿತ್ತು?"

"ಬಸ್ಸು ಸ್ಟಾಪಲ್ಲಿ ನಿಂತಾಗ ಕೈ ಎತ್ತಲ್ಲ, ಹೊರಟ ಮೇಲೆ ಓಡಿ ಬಂದು ಡಬಡಬ ಬಡೀತಾರೆ. ಇಂಥೋರನ್ನ ಜೀವಮಾನ ಪೂರ್ತಿ ನೋಡಿದೀನಿ ನಾನು" ಅಂದು ಹೋದರು.

ಏಪ್ರಿಲ್ 24, ಶುಕ್ರವಾರ

ಅತ್ತೆಗೆ ಹೇಗೆ ಹೇಳುವುದೆಂದು ಅಂಗಡಿಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ರಿಪೇರಿಗೆ ಬಂದಿದ್ದ ನೀಲಿ ಫ್ರಿಜ್ಜಿನ ಬಾಗಿಲು ತೆಗೆದು, "ದಯವಿಟ್ಟು ಹೋಗಬೇಡಿ. ಇಲ್ಲೇ ಇರಿ" ಅಂದೆ. ಹಿಂದೆ ಅದರ ಯಜಮಾನರು ನಿಂತಿದ್ದರು. ಗಾಬರಿಯಾಗಿ, "ಇಲ್ಲೇ ಇರಬೇಕಾ? ಅಷ್ಟು ಕೆಟ್ಟಿದೆಯಾ ನಮ್ಮದು?" ಎಂದರು.

ಏಪ್ರಿಲ್ 29, ಬುಧವಾರ

ಅತ್ತೆ ಬಟ್ಟೆ ಮಡಿಸುತ್ತಿದ್ದಾರೆ. ಫ್ರಿಜ್ಜಿನ ಹತ್ತಿರ ಇಬ್ಬರೂ ಹೋಗಿಲ್ಲ.

ಮೇ 1, ಶುಕ್ರವಾರ

ಬಿಸಿಲು. ಕೆಲಸ ಬಹಳ. ಹೇಳಲಿಲ್ಲ.

ಮೇ 3, ಭಾನುವಾರ

ನಾದಿನಿ ಕಾರಿನಲ್ಲಿ ಬಂದಳು. ಎರಡು ಚೀಲ, ಒಂದು ಟ್ರಂಕು ಬಾಗಿಲ ಬಳಿ ಸಾಲಾಗಿ ನಿಂತಿದ್ದವು. "ಅಮ್ಮ ಫೋನಲ್ಲಿ ಬರೀ ಕೋಲ್ಡ್ ಕಾಫಿದೇ ಸುದ್ದಿ. ಹೋಗೋ ಮುಂಚೆ ನನಗೂ ಒಂದು ಲೋಟ ಆಗಲಿ" ಅಂದಳು. ತಾನೂ ಸೋಲಬಾರದೆಂದು ಐಸ್‌ಕ್ರೀಮಿನ ಡಬ್ಬ ತಂದಿದ್ದಳು. ಹಾಲು, ಡಿಕಾಕ್ಷನ್, ಐಸ್‌ಕ್ರೀಮ್ ಎಲ್ಲ ಮಿಕ್ಸಿಗೆ ಹಾಕಿ ತಿರುಗಿಸಿದಳು. ಮಕ್ಕಳ ಪಾರ್ಟಿಯ ರುಚಿ. ಒಳ್ಳೆಯದೇ, ಆದರೆ ಕಾಫಿಯನ್ನು ಟಾರ್ಚ್ ಹಾಕಿ ಹುಡುಕಬೇಕು. ನಾನು ಸುರುಳಿಯದು ಇಳಿಸಿದೆ. ಕಂಡಕ್ಟರಮ್ಮ ನೊರೆಯ ಬಟ್ಟಲು ಹಿಡಿದುಕೊಂಡೇ ಬಂದರು.

"ಅಮ್ಮ, ನಿಂದೆಲ್ಲಿ?" ಎಂದು ನಾದಿನಿ ಫ್ರಿಜ್ ತೆಗೆದಳು. ಒಳಗೆ ಒಂದು ದೊಡ್ಡ ಜಾಡಿ. ಅಷ್ಟು ದೊಡ್ಡದರಲ್ಲಿ ಅತ್ತೆ ಯಾವತ್ತೂ ನೆನೆಹಾಕಿರಲಿಲ್ಲ. ಪುಡಿ ಇನ್ನೂ ಮೇಲೆಯೇ ತೇಲುತ್ತಿತ್ತು.

"ಇದನ್ನ ಯಾವಾಗ ಹಾಕಿದ್ದು?"

"ಈಗ ಬೆಳಿಗ್ಗೆ."

"ಹಾಗಾದ್ರೆ ನಾಳೆಗಲ್ವಾ ಆಗೋದು? ನಾವು ಈಗ ಹೊರಡ್ತಿದೀವಲ್ಲಮ್ಮ!"

ಅತ್ತೆ ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಾಗಿಲು ಹಿಡಿದುಕೊಂಡು ಫ್ರಿಜ್ಜಿಗೆ ಹೇಳಿದರು: "ನಾಳೆ ಬೆಳಿಗ್ಗೆ ತಪ್ಪದೆ ಸೋಸಬೇಕು. ಹೊತ್ತು ಮೀರಿದ್ರೆ ಕಹಿ ಬಿಡುತ್ತೆ. ಯಾರು ಸೋಸ್ತಾರೋ ಏನೋ."

ಯಾವಾಗಲೂ ಹೂಂ ಅನ್ನುವ ಮೋಟಾರು ಆ ಹೊತ್ತಿಗೆ ಸುಮ್ಮನಿತ್ತು. ನಾದಿನಿ ಅಮ್ಮನನ್ನೂ ಫ್ರಿಜ್ಜನ್ನೂ ನೋಡುತ್ತಿದ್ದಳು. ಕಂಡಕ್ಟರಮ್ಮ ನನ್ನನ್ನು ನೋಡಿ, ಬಸ್ಸು ನಿಲ್ಲಿಸುವವರ ಹಾಗೆ ಒಂದು ಕೈ ಮೇಲೆತ್ತಿದರು.

ನಾನು ಫ್ರಿಜ್ಜಿನ ಕಡೆ ನೋಡಲಿಲ್ಲ.

"ಅತ್ತೆ" ಅಂದೆ. ಧ್ವನಿ ಯಾರದೋ ಎಂಬಂತೆ ಬಂತು. "ನನಗೆ ಸೋಸೋಕೆ ಬರಲ್ಲ. ನೀವು ಹೋಗಬೇಡಿ."

ಅವರು ತಿರುಗಿದರು. ಅವರ ಮುಖವನ್ನು ಇಷ್ಟು ನೇರವಾಗಿ ನಾನು ನೋಡಿದ್ದೇ ಇಲ್ಲ. ಅವಳ ಕಣ್ಣುಗಳೇ.

"ಸೋಸೋಕೆ ಬರಲ್ಲ ಅಂದ್ರೆ? ಬಟ್ಟೆ ಕಟ್ಟಿ ಬಗ್ಗಿಸೋದು. ಅಷ್ಟು ದೊಡ್ಡ ಮಿಷನ್ ಬಿಚ್ಚಿ ಜೋಡಿಸ್ತೀರಿ, ಇದರಲ್ಲಿ ಬರದೇ ಇರೋಕೆ ಏನಿದೆ?"

"ಬರಲ್ಲ."

"ಸುಳ್ಳು."

"ಸುಳ್ಳೇ."

"ಮತ್ತೆ ಆವತ್ತು ಫೋನಲ್ಲಿ ಸರಿ ಅಂದ್ರಂತಲ್ಲ, ಒಂದೇ ಉಸಿರಿಗೆ? ಮುದುಕಿ ಹೊರಟ್ರೆ ಸಾಕು ಅಂತ ತಾನೇ?"

"ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ಲಾರಿ ಎಣ್ಣೆ ಕುಡಿಸೋಕೆ ನಿಮಗೆ ಬರುತ್ತೆ, ಇದಕ್ಕೆ ಬಾಯಿ ಬರಲ್ಲ!"

ನಾದಿನಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. "ಅಮ್ಮ, ನೀನು ಭಾವನ ಜೊತೆ ಜಗಳ ಆಡ್ತಿದೀಯ. ನಿಜವಾಗ್ಲೂ ಆಡ್ತಿದೀಯ!"

"ಆಡಲಿ ಬಿಡು ಮಗಳೇ" ಅಂದರು ಕಂಡಕ್ಟರಮ್ಮ. "ಎಷ್ಟೋ ವರ್ಷದ್ದು ಒಟ್ಟಿಗೆ ಬರ್ತಿದೆ. ನೀನು ನೊರೆ ಕುಡಿ, ಇಳಿದು ಹೋಗುತ್ತೆ."

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮಗಳಿಗೆ ಹೇಳಿದರು: "ನಿನ್ನ ಮನೆಗೆ ಬರ್ತೀನಿ ಕಣೇ, ನಾಲ್ಕು ದಿನಕ್ಕೆ ನೆಂಟರ ಹಾಗೆ ಬರ್ತೀನಿ. ಈಗ ಬೇಡ. ಜಾಡಿ ತುಂಬ ಕಾಫಿ ನೆನೀತಿದೆ."

ನಾದಿನಿ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ತಾನೇ ಎದ್ದು ಹೋಗಿ ಟ್ರಂಕನ್ನು ಒಳಗೆ ಎಳೆದು ತಂದಳು. ಚೀಲಗಳನ್ನು ನಾನು ತಂದೆ. ಯಾವ ಕಾಫಿ ಗೆದ್ದಿತೆಂದು ತೀರ್ಮಾನ ಮಾಡುವುದನ್ನೇ ಎಲ್ಲರೂ ಮರೆತೆವು. ಸಂಜೆ ನಾದಿನಿ ಹೊರಡುವಾಗ ಸುರುಳಿಯಂಥದೇ ತನಗೂ ಒಂದು ಬೇಕೆಂದು ಹೇಳಿ ಹೋಗಿದ್ದಾಳೆ.

ಮೇ 4, ಸೋಮವಾರ

ಅತ್ತೆ ಬೆಳಿಗ್ಗೆಯಿಂದ ಮಾತಾಡುತ್ತಿದ್ದಾರೆ. ನನ್ನ ಶರ್ಟಿನ ಕಾಲರು, ನಾನು ತಟ್ಟೆಯಲ್ಲಿ ಅನ್ನ ಬಿಡುವುದು, ಬಾತ್‌ರೂಮಿನ ನಲ್ಲಿ, ಮೀಸೆ, ಯಾವುದೂ ಬಿಟ್ಟಿಲ್ಲ. ಫ್ರಿಜ್ಜಿಗೆ ಇಷ್ಟು ದಿನ ಹೇಗಾಗಿರಬೇಡ!

ಜಾಡಿಯನ್ನು ಇಬ್ಬರೂ ಸೇರಿ ಸೋಸಿದೆವು. ಬಟ್ಟೆ ನಾನು ಹಿಡಿದೆ, ಅವರು ಬಗ್ಗಿಸಿದರು. "ಅಲ್ಲಾಡಿಸಬೇಡಿ" ಎಂದು ಬೈಸಿಕೊಂಡೆ. ಬಾಟಲಿ ತುಂಬಿ ಫ್ರಿಜ್ಜಿಗಿಟ್ಟೆವು, ಮಧ್ಯಾಹ್ನದ ಬಿಸಿಲಿಗೆ.

ಅದು ಮುಗಿದ ಮೇಲೆ ಅವರು ಒಲೆ ಹಚ್ಚಿದರು. ನಾನು ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಬಂದು, ಮೇಜಿನ ಮೇಲೆ ಇಡದೆ, ತಟ್ಟೆ ಮುಚ್ಚದೆ, ಹೊಗೆಯಾಡುವ ಲೋಟವನ್ನು ನನ್ನ ಕೈಗೇ ತುರುಕಿದರು.

"ಆರುತ್ತೆ, ತಗೋಪ್ಪ" ಅಂದರು.

ನಿಂತಲ್ಲೇ ಕುಡಿದೆ. ನಾಲಿಗೆ ಸುಟ್ಟಿತು.